ಚಿನ್ನದ ದೋಣಿ, ಕೂಲಿಯ ಮೈಲಿಗೆ

ಆಕ್ಸ್‌ಫರ್ಡ್‌ನ ಹಳೆಯ ಫೋಟೊಗಳಲ್ಲಿ ಕ್ರೈಸ್ಟ್ ಚರ್ಚ್ ಹುಲ್ಲುಗಾವಲಿನ ಅಂಚಿಗೆ ಸಾಲುಗಟ್ಟಿ ನಿಂತ ದೊಡ್ಡ ದೋಣಿಗಳನ್ನು, ಕಾಲೇಜು ಬಾರ್ಜ್‌ಗಳನ್ನು ಕಂಡು ಕರಗಿಹೋಗುವವರಿಗೆ ಬರವಿಲ್ಲ. ಕೆತ್ತನೆಯ ಮೂತಿ, ಚಿನ್ನದ ಲೇಪ, ಕಮಾನು ಕಿಟಕಿ, ಮೇಲೆ ಬಾವುಟ. ಆಹಾ, ಎಂಥ ಪರಂಪರೆ! ನಾನು ಕೇಳುವುದಿಷ್ಟೇ: ಈ ದೋಣಿಗೆ ಹುಟ್ಟು ಹಾಕಿದವರು ಯಾರು? ಅವರನ್ನು ಎಲ್ಲಿಗೆ ಓಡಿಸಿದಿರಿ?

ಮೊದಮೊದಲಿನ ಬಾರ್ಜ್‌ಗಳು ವಿಶ್ವವಿದ್ಯಾಲಯದ ಸ್ವಂತದ್ದಲ್ಲ, ಲಂಡನ್ನಿನ ವರ್ತಕ ಸಂಘಗಳವು. ಹೆಸರಿಗೆ ಅಕ್ಕಸಾಲಿಗರ ಸಂಘ, ದರ್ಜಿಗಳ ಸಂಘ. ಒಳಗಿದ್ದವರು ಸೂಜಿ ಹಿಡಿಯದ ಸಿರಿವಂತರು. ಹದಿನೇಳನೆಯ ಶತಮಾನದಲ್ಲಿ ಐರಿಶ್ ಜನರಿಂದ ಕಿತ್ತುಕೊಂಡ ಅಲ್‌ಸ್ಟರ್ ಸೀಮೆಯ ನೆಲ ಇಂಥ ಹನ್ನೆರಡು ಸಂಘಗಳಿಗೆ ಹಂಚಿಕೆಯಾಯಿತು. ಗೇಣಿಯೂ ಬಂತು, ಗತ್ತೂ ಬಂತು. ವರ್ಷಕ್ಕೊಮ್ಮೆ ಲಾರ್ಡ್ ಮೇಯರನ ಮೆರವಣಿಗೆ ಥೇಮ್ಸ್ ನದಿಯ ಮೇಲೆ ಹೊರಟಾಗ ನಿಲುವಂಗಿಯವರು ಒಳಗೆ ಕೂರುತ್ತಿದ್ದರು. ಹುಟ್ಟು ಹಾಕುತ್ತಿದ್ದವರು ಕೂಲಿಯ ಅಂಬಿಗರು.

1856ಕ್ಕೆ ಆ ನೀರ ಮೆರವಣಿಗೆ ನಿಂತಿತು. ಅದು ಸೊರಗುತ್ತ ಬಂದ ಹೊತ್ತಿನಲ್ಲೇ ಬಾರ್ಜ್‌ಗಳು ಕೈ ಬದಲಾಯಿಸತೊಡಗಿದ್ದವು. ದರ್ಜಿ ಸಂಘದ್ದು ಆಕ್ಸ್‌ಫರ್ಡ್‌ನ ವಿಶ್ವವಿದ್ಯಾಲಯ ಬೋಟ್ ಕ್ಲಬ್ಬಿಗೆ, ಮುದ್ರಕರ ಸಂಘದ್ದು ಎಕ್ಸಿಟರ್ ಕಾಲೇಜಿಗೆ ಹೋಯಿತು. ಅಲ್ಲಿ ಲಂಗರು ಬಿದ್ದ ಮೇಲೆ ಅವು ದೋಣಿಯಾಗಿ ಉಳಿಯಲಿಲ್ಲ. ಕೆಳಗೆ ಬಟ್ಟೆ ಬದಲಿಸುವ ಕೋಣೆ, ಹರಟೆಯ ಕೋಣೆ. ಮೇಲೆ ಎಯ್ಟ್ಸ್ ವಾರದ ಕಾಲೇಜು ದೋಣಿ ಪಂದ್ಯ ನೋಡಲು ಬಂದ ಅಮ್ಮಂದಿರಿಗೆ, ಅಕ್ಕತಂಗಿಯರಿಗೆ ಅಟ್ಟಣೆ. ಹಳೆಯವು ಕೊಳೆತಾಗ ಅದೇ ಠೀವಿಯ ಹೊಸವನ್ನು ಕಟ್ಟಿಸಿದರು. 1879ರಲ್ಲಿ ಯೂನಿವರ್ಸಿಟಿ ಕಾಲೇಜಿನ ಬಾರ್ಜಿಗೆ ನಕ್ಷೆ ಬರೆದವನು ಜಾನ್ ಓಲ್ಡ್ರಿಡ್ ಸ್ಕಾಟ್ ಎಂಬ ವಾಸ್ತುಶಿಲ್ಪಿ.

ಅದೇ 1879ರಲ್ಲಿ ಇದೇ ಥೇಮ್ಸ್ ನದಿಯ ಕೆಳಗಿನ ಹೆನ್ಲಿಯ ದೋಣಿ ಪಂದ್ಯಕ್ಕೆ ಇನ್ನೊಂದು ನಕ್ಷೆ ಸಿದ್ಧವಾಯಿತು. ಹವ್ಯಾಸಿ ಹುಟ್ಟುಗಾರ ಯಾರು ಎಂಬ ನಿಯಮ. ಹಣಕ್ಕಾಗಿ ಪಂದ್ಯ ಆಡಿದವನು ಅಲ್ಲ, ಸರಿ, ಒಪ್ಪೋಣ. ದೋಣಿಯ ಕೆಲಸದಲ್ಲಿ ಸಂಬಳಕ್ಕೆ ದುಡಿದವನೂ ಅಲ್ಲ. ಯಂತ್ರ ಕೆಲಸದವನು, ಕುಶಲಕರ್ಮಿ, ಕೂಲಿಕಾರ, ಇವರ‍್ಯಾರೂ ಅಲ್ಲ. ಈಗ ಆ ಕೆಲಸ ಬಿಟ್ಟಿದ್ದರೂ ಅಲ್ಲ! 1886ರಲ್ಲಿ ಹವ್ಯಾಸಿ ರೋಯಿಂಗ್ ಸಂಘ ತನ್ನ ನಿಯಮಕ್ಕೆ ಊಳಿಗದ ಕೆಲಸದವರನ್ನೂ ಸೇರಿಸಿತು. ಒಮ್ಮೆ ಕೂಲಿ ಮಾಡಿದ ಕೈ ಸಾಯುವವರೆಗೂ ಮೈಲಿಗೆ. ಇದು ನಮಗೆ ಹೊಸ ಪಾಠವೇನಲ್ಲ. ಇಂಗ್ಲಿಷರ ಮಡಿಗೆ ಮುದ್ರಿತ ನಿಯಮಾವಳಿ ಇತ್ತು, ಅಷ್ಟೇ.

ಅವರ ಸಮರ್ಥನೆ ಇನ್ನೂ ಚೆಂದ. ಶ್ರಮಜೀವಿಯ ಮೈ ದುಡಿದು ಗಟ್ಟಿಯಾಗಿರುತ್ತದೆ, ಅವನೊಡನೆ ಸ್ಪರ್ಧೆ ನ್ಯಾಯವಲ್ಲವಂತೆ! ಗೇಣಿಯಲ್ಲಿ ಉಂಡು ಬೆಳೆಸಿದ ತೋಳು ನ್ಯಾಯ, ಇಟ್ಟಿಗೆ ಹೊತ್ತು ಬೆಳೆದ ತೋಳು ಮೋಸ. 1920ರಲ್ಲಿ ಅಮೆರಿಕದ ಹುಟ್ಟುಗಾರ ಜಾನ್ ಕೆಲಿಯನ್ನು ಹೆನ್ಲಿ ತಿರಸ್ಕರಿಸಿತು. ಅವನ ಕ್ಲಬ್ಬಿನ ಮೇಲಿನ ಹಳೆಯ ನಿಷೇಧ ಒಂದು ಕಾರಣ, ಅವನು ಇಟ್ಟಿಗೆ ಕೆಲಸದವನೆಂಬುದು ಮತ್ತೊಂದು. ಅದೇ ವರ್ಷ ಅವನು ಒಲಿಂಪಿಕ್ ಚಿನ್ನ ಗೆದ್ದ. 1936ರಲ್ಲಿ ಆಸ್ಟ್ರೇಲಿಯಾದ ಒಲಿಂಪಿಕ್ ತಂಡಕ್ಕೂ ಬಾಗಿಲು ಮುಚ್ಚಿದರು, ಅವರು ಪೊಲೀಸರಾಗಿದ್ದರು. ನಾಚಿಕೆಗೆಟ್ಟ ಈ ನಿಯಮ ಹೋಗಲು 1937 ಬರಬೇಕಾಯಿತು.

ಹೆಣ್ಣುಮಕ್ಕಳ ಕತೆ ಕೇಳಿ. ಬಾರ್ಜಿನ ಅಟ್ಟಣೆಯ ಮೇಲೆ ಕೊಡೆ ಹಿಡಿದು ಕೂತರೆ ಶೋಭೆ. 1927ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಜ್ ಹುಡುಗಿಯರು ಮೊದಲ ಬಾರಿ ಆ ಬಾರ್ಜ್‌ಗಳಿದ್ದ ನೀರಿನಲ್ಲೇ ಎದುರಾದಾಗ ಎರಡು ದೋಣಿಗಳನ್ನು ಒಟ್ಟಿಗೆ ಬಿಡಲಿಲ್ಲ. ಒಂದೊಂದಾಗಿ ಓಡಿಸಿ ವೇಗದ ಜೊತೆಗೆ ಶೈಲಿಯನ್ನೂ ಅಳೆದರು!

ಎದುರು ನಿಂತವರೂ ಇದ್ದರು. ಫ್ರೆಡರಿಕ್ ಫರ್ನಿವಾಲ್ ಎಂಬ ವಿದ್ವಾಂಸ 1896ರಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್‌ನಲ್ಲಿ ಹುಡುಗಿಯರಿಗಾಗಿಯೇ ಕ್ಲಬ್ ಕಟ್ಟಿದ. ಅದಕ್ಕೂ ಮೊದಲೇ ಕೂಲಿಕಾರರನ್ನು ಒಳಗೊಳ್ಳುವ ಬೇರೊಂದು ರಾಷ್ಟ್ರೀಯ ಸಂಘ 1890ರಲ್ಲಿ ಹುಟ್ಟಲು ಹೆಗಲು ಕೊಟ್ಟಿದ್ದ. ಬಾರ್ಜ್‌ಗಳ ಚಂದ ಹಾಡುವವರ ಬಾಯಲ್ಲಿ ಅವನ ಹೆಸರು ಬರುವುದು ಅಪರೂಪ.

1930ರ ದಶಕದಿಂದ ದಡದ ಮೇಲೆ ಬೋಟ್‌ಹೌಸ್‌ಗಳು ಎದ್ದವು. ಬಾರ್ಜ್‌ಗಳು ಕೊಳೆತವು, ಕೆಲವು ಮುಳುಗಿದವು. ಉಳಿದ ಬೆರಳೆಣಿಕೆಯವನ್ನು ದೇಣಿಗೆ ಎತ್ತಿ ದುರಸ್ತಿ ಮಾಡುತ್ತಾರೆ. ಮಾಡಲಿ, ಮರಗೆಲಸದವನಿಗೆ ಕೂಲಿಯಾದರೂ ಸಿಗುತ್ತದೆ. ಆದರೆ ಒಳಗೋಡೆಯ ಮೇಲೆ 1879ರ ಆ ನಿಯಮವನ್ನೂ ಒಂದಕ್ಷರ ಬಿಡದೆ ಬರೆಸಲಿ.