ಮುಹಮ್ಮಡನ್ ಸ್ಪೋರ್ಟಿಂಗ್: ಹೆಮ್ಮೆಯೊಂದೇ ಸಾಕೇ?

2024ರ ಎಪ್ರಿಲ್ 6. ರಮಝಾನಿನ ಕೊನೆಯ ದಿನಗಳು. ಶಿಲ್ಲಾಂಗ್‌ನ ಮೈದಾನದಲ್ಲಿ ಅಲ್ಲಿನ ಲಾಜಾಂಗ್ ತಂಡವನ್ನು 2-1ರಿಂದ ಮಣಿಸಿದ ಕೊಲ್ಕತ್ತಾದ ಮುಹಮ್ಮಡನ್ ಸ್ಪೋರ್ಟಿಂಗ್ ಕ್ಲಬ್ ಮೊದಲ ಬಾರಿಗೆ ಐ-ಲೀಗ್ ಪ್ರಶಸ್ತಿಯನ್ನು ಗೆದ್ದು, ಐಎಸ್‌ಎಲ್‌ಗೆ ಬಡ್ತಿ ಪಡೆಯಿತು. ಫುಟ್‌ಬಾಲಿನ ಗಂಧಗಾಳಿಯಿಲ್ಲದ ಮನೆಗಳಲ್ಲೂ ಅಂದು ಇಫ್ತಾರಿನ ನಂತರ ಈ ಸುದ್ದಿಯದೇ ಮಾತು. ಅದರ ಮುಂದಿನ ಋತುವಿನ 24 ಪಂದ್ಯಗಳಲ್ಲಿ ಅದೇ ಕ್ಲಬ್ ಕೇವಲ 2ನ್ನು ಗೆದ್ದು ಪಟ್ಟಿಯ ತಳದಲ್ಲಿ ಉಳಿಯಿತು. ಆಟಗಾರರ ಸಂಬಳ ಬಾಕಿ ಉಳಿದ ಸುದ್ದಿಯೂ ಪತ್ರಿಕೆಗಳಲ್ಲಿ ಬಂತು. ಆಗ ನಮ್ಮಲ್ಲಿ ಹೆಚ್ಚಿನವರು ಬಾಯಿ ಬಿಡಲಿಲ್ಲ. ಗೆದ್ದಾಗ ‘ನಮ್ಮದು’ ಎಂದ ಕ್ಲಬ್ ಸಂಬಳ ಕೊಡಲಾಗದಾಗ ಯಾರದು ಎಂಬ ಪ್ರಶ್ನೆಯನ್ನು ನಾವು ಕೇಳಿಕೊಳ್ಳಬೇಡವೇ?

ಈ ಕ್ಲಬ್‌ನ ಬೇರು 1887ರ ಜುಬಿಲಿ ಕ್ಲಬ್‌ನಲ್ಲಿದೆ. 1891ರಲ್ಲಿ ಅದು ಮುಹಮ್ಮಡನ್ ಸ್ಪೋರ್ಟಿಂಗ್ ಆಯಿತು. ನಂತರದ ನಾಲ್ಕು ದಶಕಗಳ ಕಾಲ ಅದು ಹೇಳಿಕೊಳ್ಳುವಂಥದ್ದೇನನ್ನೂ ಮಾಡಲಿಲ್ಲ. ಹೆಸರು ಅದೇ ಇತ್ತು, ಸಮುದಾಯವೂ ಅದೇ ಇತ್ತು. ಗೆಲುವು ಮಾತ್ರ ಇರಲಿಲ್ಲ. 1930ರ ದಶಕದಲ್ಲಿ ಬದಲಾದದ್ದು ಆಡಳಿತ. ಕ್ಲಬ್‌ನ ಹೊಣೆ ಹೊತ್ತವರು ಬಂಗಾಳದ ಗಡಿಯನ್ನು ದಾಟಿ ಬೆಂಗಳೂರಿನಿಂದ ಹಿಡಿದು ಕ್ವೆಟ್ಟಾದವರೆಗೆ ಪ್ರತಿಭಾವಂತರನ್ನು ಹುಡುಕಿ ತಂದರು. ಭಾರತೀಯರು ಬರಿಗಾಲಿನಲ್ಲಿ ಆಡುತ್ತಿದ್ದ ಆ ಕಾಲದಲ್ಲಿ, ಮಳೆ ಬಿದ್ದು ನೆಲ ಕೆಸರಾದಾಗ ಬೂಟು ಧರಿಸಿ ಆಡುವುದನ್ನು ಅಭ್ಯಾಸ ಮಾಡಿಸಿದರು. ಸಣ್ಣ ಸಂಗತಿಯೆನಿಸಬಹುದು. ಆದರೆ ಕಲ್ಕತ್ತಾ ಲೀಗ್ ನಡೆಯುವುದೇ ಮಳೆಗಾಲದಲ್ಲಿ.

ಫಲ ಶೀಘ್ರವಾಗಿ ಸಿಕ್ಕಿತು. 1934ರಲ್ಲಿ, ಮೊದಲ ಡಿವಿಷನ್‌ಗೆ ಏರಿದ ವರ್ಷವೇ, ಕಲ್ಕತ್ತಾ ಲೀಗನ್ನು ಗೆದ್ದ ಪ್ರಥಮ ಭಾರತೀಯ ತಂಡ ಎಂಬ ಕೀರ್ತಿಗೆ ಅದು ಪಾತ್ರವಾಯಿತು. ಅದುವರೆಗೆ ಆ ಲೀಗ್ ಬ್ರಿಟಿಷ್ ಸೈನಿಕ ತುಕಡಿಗಳ ಮತ್ತು ಯುರೋಪಿಯನ್ ಕ್ಲಬ್‌ಗಳ ಸೊತ್ತಾಗಿತ್ತು. 1938ರವರೆಗೆ ಸತತ 5 ಬಾರಿ ಪ್ರಶಸ್ತಿ ಬಂತು. 1936ರಲ್ಲಿ ಐಎಫ್‌ಎ ಶೀಲ್ಡ್ ಕೂಡ. ಅದೇ ವರ್ಷ ಈ ತಂಡದ ಮುಹಮ್ಮದ್ ಸಲೀಮ್ ಸ್ಕಾಟ್ಲೆಂಡಿನ ಸೆಲ್ಟಿಕ್ ಕ್ಲಬ್‌ನ ಪರವಾಗಿ ಕಾಲಿಗೆ ಬರೀ ಬಟ್ಟೆಪಟ್ಟಿ ಸುತ್ತಿಕೊಂಡು ಆಡಿ ಅಲ್ಲಿನವರನ್ನು ಬೆರಗುಗೊಳಿಸಿದರು. 1940ರ ಡಿಸೆಂಬರ್‌ನಲ್ಲಿ ದೆಹಲಿಯಲ್ಲಿ ರಾಯಲ್ ವಾರ್ವಿಕ್‌ಶೈರ್ ರೆಜಿಮೆಂಟನ್ನು 2-1ರಿಂದ ಸೋಲಿಸಿ ಡ್ಯುರಾಂಡ್ ಕಪ್ಪನ್ನೂ ಗೆದ್ದುಕೊಂಡರು. ಅದನ್ನು ಗೆದ್ದ ಪ್ರಥಮ ಭಾರತೀಯ ತಂಡವೂ ಇದುವೇ.

ಈ ಕಥೆಯಲ್ಲಿ ನಮ್ಮ ನಾಡಿನ ಪಾಲೂ ಇದೆ. 1937ರಲ್ಲಿ ಬೊಂಬಾಯಿಯ ರೋವರ್ಸ್ ಕಪ್ ಫೈನಲ್‌ನಲ್ಲಿ ಇದೇ ಮುಹಮ್ಮಡನ್ ತಂಡವನ್ನು 1-0ಯಿಂದ ಸೋಲಿಸಿದ್ದು ಬ್ಯಾಂಗಲೋರ್ ಮುಸ್ಲಿಮ್ಸ್. ಮರುವರ್ಷ ಬ್ರಿಟಿಷ್ ಸೈನಿಕ ತಂಡವೊಂದನ್ನು ಸೋಲಿಸಿ ಅವರು ಆ ಕಪ್ಪನ್ನು ಉಳಿಸಿಕೊಂಡರು. 1948ರಲ್ಲಿ ಮತ್ತೊಮ್ಮೆ ಗೆದ್ದರು. ಆ ತಂಡದಲ್ಲಿ ಬೆಳೆದ ಅಹ್ಮದ್ ಖಾನ್ 1948 ಮತ್ತು 1952ರ ಒಲಿಂಪಿಕ್ಸ್‌ಗಳಲ್ಲಿ ಭಾರತದ ಪರವಾಗಿ ಆಡಿದರು. ಆದರೆ ಕೊಲ್ಕತ್ತಾದಲ್ಲಿ ಅವರು ಸೇರಿದ್ದು ಮುಹಮ್ಮಡನ್‌ಗಲ್ಲ, ಈಸ್ಟ್ ಬೆಂಗಾಲ್‌ಗೆ. ದೇಶ ವಿಭಜನೆಯಲ್ಲಿ ಮನೆಮಠ ಕಳೆದುಕೊಂಡು ಬಂದ ಹಿಂದೂ ನಿರಾಶ್ರಿತರು ಆಶ್ರಯಿಸಿದ ಕ್ಲಬ್ ಅದು. ಆ ಜನರು ತಮ್ಮ ಐವರು ಮುಂಚೂಣಿ ಆಟಗಾರರನ್ನು ‘ಪಂಚ ಪಾಂಡವರು’ ಎಂದು ಕರೆದರು. ಆ ಐವರಲ್ಲಿ ಇಬ್ಬರು ಅಹ್ಮದ್ ಖಾನ್ ಮತ್ತು ಸಾಲೆ. ಗಾಯ ಇನ್ನೂ ಹಸಿಯಾಗಿದ್ದಾಗ ನಡೆದ ಮಾತಿದು. ನಮ್ಮ ಮಕ್ಕಳಿಗೆ ಡ್ಯುರಾಂಡ್ ಕಪ್‌ನ ಜೊತೆ ಇದನ್ನೂ ಹೇಳಬೇಕು.

ಮುಹಮ್ಮಡನ್‌ನ ಗೆಲುವುಗಳನ್ನು ಆ ಕಾಲದ ರಾಜಕೀಯ ತನ್ನತ್ತ ಎಳೆದುಕೊಂಡಿತೆಂಬುದು ಸುಳ್ಳಲ್ಲ. ಆಟದ ಗೆಲುವನ್ನು ಕೋಮಿನ ಗೆಲುವೆಂದು ಎರಡೂ ಕಡೆಯವರು ಓದಿಕೊಂಡರು. ವಿಭಜನೆಯ ನಂತರ ಪೋಷಕರಲ್ಲಿ ಅನೇಕರು ಢಾಕಾಕ್ಕೆ ಹೊರಟುಹೋದರು. ಕ್ಲಬ್ ಮಾತ್ರ ಉಳಿಯಿತು, 1948ರಲ್ಲಿ ಲೀಗನ್ನೂ ಗೆದ್ದಿತು. ಮುಸ್ಲಿಮ್ ಆಟಗಾರರಿಗಷ್ಟೇ ಮೀಸಲಾಗಿದ್ದ ಬಾಗಿಲು ಕ್ರಮೇಣ ಎಲ್ಲರಿಗೂ ತೆರೆಯಿತು. ನೈಜೀರಿಯಾದ ಚೀಮಾ ಒಕೋರಿ ಭಾರತದಲ್ಲಿ ಮೊದಲು ತೊಟ್ಟದ್ದು ಇದೇ ಕಪ್ಪು-ಬಿಳಿ ಅಂಗಿ. ಬಾಗಿಲು ತೆರೆದುದರಿಂದ ಕ್ಲಬ್ ಸೊರಗಿತೆಂದು ಹಳಹಳಿಸುವವರು ನಮ್ಮಲ್ಲಿದ್ದಾರೆ. ಕ್ಲಬ್ ಸೊರಗಿದ್ದು ಅದರಿಂದಲ್ಲ. 1981ರ ಬಳಿಕ ಮತ್ತೊಂದು ಲೀಗ್ ಪ್ರಶಸ್ತಿಗೆ 2021ರವರೆಗೆ, ಅಂದರೆ 40 ವರ್ಷ ಕಾಯಬೇಕಾಗಿ ಬಂತು. ಕ್ಲಬ್‌ಗಳು ಹಣ ಹೂಡುವ ಸಂಸ್ಥೆಗಳಾಗಿ ಬದಲಾದ ಆ ದಶಕಗಳಲ್ಲಿ ನಮ್ಮವರು ಹಳೆಯ ಟ್ರೋಫಿಗಳನ್ನು ಒರೆಸುತ್ತಾ ಕುಳಿತರು.

ಕ್ಲಬ್‌ನ ಮೈದಾನವನ್ನೇ ನೋಡಿ. ಕೊಲ್ಕತ್ತಾದ ವಿಶಾಲ ಮೈದಾನ್ ಪ್ರದೇಶ ಸೇನೆಯ ಅಧೀನದಲ್ಲಿದೆ. ಅಲ್ಲಿ ಕ್ಲಬ್‌ಗಳು ಮನಬಂದಂತೆ ಪಕ್ಕಾ ಕಟ್ಟಡ ಕಟ್ಟುವಂತಿಲ್ಲ. ಆದ್ದರಿಂದಲೇ ಅವುಗಳ ಕಚೇರಿಗಳಿಗೆ ಇಂದಿಗೂ ‘ಟೆಂಟ್’ ಎಂದೇ ಹೆಸರು. ಮುಹಮ್ಮಡನ್‌ನ ಮೈದಾನವೂ ಅಲ್ಲೇ ಇದೆ. ಆದರೆ ಐಎಸ್‌ಎಲ್‌ಗೆ ಬಡ್ತಿ ಸಿಕ್ಕಾಗ ತವರಿನ ಪಂದ್ಯಗಳನ್ನು ಅಲ್ಲಿ ಆಡಲಾಗಲಿಲ್ಲ. ನಗರದ ದಕ್ಷಿಣದ ಕಿಶೋರ್ ಭಾರತಿ ಕ್ರೀಡಾಂಗಣಕ್ಕೆ ಹೋಗಬೇಕಾಯಿತು. ಇದಕ್ಕೆ ಸೇನೆಯನ್ನು ದೂರಿ ಫಲವಿಲ್ಲ. ಮೋಹನ್ ಬಗಾನ್, ಈಸ್ಟ್ ಬೆಂಗಾಲ್‌ಗಳ ಮೈದಾನಗಳಿಗೂ ಅದೇ ನಿಯಮ. ಅವೂ ದೊಡ್ಡ ಪಂದ್ಯಗಳನ್ನು ಸಾಲ್ಟ್ ಲೇಕ್‌ನಲ್ಲೇ ಆಡುತ್ತವೆ. ಆದರೆ ಆಟಗಾರರ ಸಂಬಳವನ್ನು ಹೊಂದಿಸುವುದಕ್ಕೆ ಯಾವ ನಿಯಮವೂ ಅಡ್ಡಬಂದಿರಲಿಲ್ಲ.

ನಮ್ಮ ಪಟ್ಟಣಗಳ ಜಮಾಅತ್‌ಗಳಲ್ಲಿ, ಶಾಲಾ ಸಮಿತಿಗಳಲ್ಲಿ, ಯುವಕ ಸಂಘಗಳಲ್ಲಿ ಇದೇ ಕಥೆ ಬೇರೆ ಬೇರೆ ಹೆಸರಿನಲ್ಲಿ ನಡೆಯುತ್ತಿಲ್ಲವೇ? ವಾರ್ಷಿಕೋತ್ಸವದಲ್ಲಿ ಸಂಸ್ಥಾಪಕರ ಗುಣಗಾನಕ್ಕೆ ಎರಡು ಗಂಟೆ, ಲೆಕ್ಕಪತ್ರ ಮಂಡನೆಗೆ ಐದು ನಿಮಿಷ. ಎದ್ದು ಪ್ರಶ್ನೆ ಕೇಳಿದವನಿಗೆ ‘ಸಮುದಾಯದ ಮಾನ ಕಳೆಯಬೇಡ’ ಎಂಬ ಗದರಿಕೆ. ಬ್ಯಾಂಗಲೋರ್ ಮುಸ್ಲಿಮ್ಸ್ ತಂಡ ಮೂರು ಬಾರಿ ರೋವರ್ಸ್ ಗೆದ್ದಿತ್ತು ಎಂಬುದು ಇಂದು ಬೆಂಗಳೂರಿನ ಎಷ್ಟು ಮುಸ್ಲಿಮ್ ಯುವಕರಿಗೆ ಗೊತ್ತಿದೆ?

2025ರ ಜನವರಿ 11ರಂದು ಮುಹಮ್ಮಡನ್ ತಂಡ ಬೆಂಗಳೂರಿಗೆ ಬಂತು. ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿಯನ್ನು 1-0ಯಿಂದ ಸೋಲಿಸಿತು. ಗೋಲು ಹೊಡೆದವರು ಉಝ್ಬೆಕಿಸ್ತಾನದ ಮಿರ್ಜಾಲೋಲ್ ಕಾಸಿಮೋವ್. ಆ ಇಡೀ ಋತುವಿನಲ್ಲಿ ತಂಡಕ್ಕೆ ದಕ್ಕಿದ ಎರಡು ಗೆಲುವುಗಳಲ್ಲಿ ಅದೂ ಒಂದು.