ಗುಂಪಿನ ನಾಡಿ ಹಿಡಿಯುವ ಯಂತ್ರ

ಮೂಡಲಗಿ ತಾಲೂಕಿನ ನಾಗನೂರಿಗೆ ಹೋದಾಗ ಭಕ್ತರೊಬ್ಬರ ಮನೆಯಲ್ಲಿ ಪ್ರಸಾದ ಮುಗಿಸಿ ಪಡಸಾಲೆಯಲ್ಲಿ ಕುಳಿತಿದ್ದೆವು. ಹತ್ತನೆಯ ತರಗತಿಯಲ್ಲಿ ಓದುತ್ತಿರುವ ಆ ಮನೆಯ ಮಗ ಹತ್ತಿರ ಬಂದು, "ಅಜ್ಜಾರ, ಗದ್ದಲದಾಗ ಮಂದಿ ಸಾಯೋದು ಯಂತ್ರಕ್ಕ ಮೊದಲ ಗೊತ್ತಾಗತೈತೇನ್ರಿ?" ಎಂದು ಕೇಳಿದ. 2026ರ ಜನವರಿಯ ಸುದ್ದಿಯೊಂದು ಅವನ ತಲೆಯಲ್ಲಿ ಉಳಿದಿತ್ತು. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಜನರ ಚಲನವಲನವನ್ನು ತಾವಾಗಿಯೇ ಗುರುತಿಸುವ 300ರಿಂದ 350 ಕ್ಯಾಮೆರಾಗಳನ್ನು ಸುಮಾರು ನಾಲ್ಕೂವರೆ ಕೋಟಿ ರೂಪಾಯಿಗಳ ಸ್ವಂತ ವೆಚ್ಚದಲ್ಲಿ ಅಳವಡಿಸಿಕೊಡುವುದಾಗಿ ರಾಯಲ್ ಚಾಲೆಂಜರ್ಸ್ ತಂಡವು ಪ್ರಸ್ತಾಪ ಮಾಡಿತ್ತು.

ಆ ಪ್ರಸ್ತಾಪದ ಹಿಂದಿನ ದುಃಖವನ್ನು ಓದುಗರು ಮರೆತಿರಲಾರರು. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಆ ತಂಡ ಗೆದ್ದಿತು. ಮರುದಿನವೇ ಬೆಂಗಳೂರಿನಲ್ಲಿ ವಿಜಯೋತ್ಸವ. ಸುಮಾರು 35 ಸಾವಿರ ಜನರಿಗೆ ಸ್ಥಳವಿರುವ ಕ್ರೀಡಾಂಗಣದ ಸುತ್ತ ಲಕ್ಷಗಟ್ಟಲೆ ಜನ ನೆರೆದರು. ಬಾಗಿಲುಗಳ ಬಳಿ ನೂಕುನುಗ್ಗಲಾಗಿ 11 ಜೀವಗಳು ಹೋದವು. ಹೆಚ್ಚಿನವರು ಎಳೆಯರು. ಸಂತೋಷಪಡಲೆಂದು ಮನೆಯಿಂದ ಹೊರಟ ಮಕ್ಕಳು!

ಇಂತಹ ಸಾವುಗಳನ್ನು ನಾವು ಕಾಲ್ತುಳಿತವೆಂದು ಕರೆಯುತ್ತೇವೆ. ಅದು ಅರ್ಧಸತ್ಯ. ಬಹಳಷ್ಟು ಜನ ನಿಂತಲ್ಲಿಯೇ ಎದೆ ಅದುಮಿ ಉಸಿರುಗಟ್ಟಿ ಸಾಯುತ್ತಾರೆ. ಒಂದು ಚದರ ಮೀಟರಿನಷ್ಟು ನೆಲದಲ್ಲಿ ಆರೇಳು ಜನ ಸೇರಿದರೆ ಯಾರೊಬ್ಬರ ಕಾಲೂ ಅವರ ಸ್ವಾಧೀನದಲ್ಲಿರುವುದಿಲ್ಲ. ಗುಂಪು ನೀರಿನಂತೆ ತುಳುಕತೊಡಗುತ್ತದೆ. 2006ರ ಜನವರಿ 12ರಂದು ಮಕ್ಕಾದ ಸಮೀಪದ ಮಿನಾದಲ್ಲಿ 340ಕ್ಕೂ ಹೆಚ್ಚು ಹಜ್ ಯಾತ್ರಿಕರು ಮಡಿದಾಗ, ಅಲ್ಲಿಯ ಕ್ಯಾಮೆರಾ ಚಿತ್ರಗಳನ್ನು ಡಿರ್ಕ್ ಹೆಲ್ಬಿಂಗ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಪರೀಕ್ಷಿಸಿದರು. ಸರಾಗವಾಗಿದ್ದ ನಡಿಗೆ ಮೊದಲು ನಿಂತು ನಿಂತು ಸಾಗುವ ಅಲೆಯಾಯಿತು. ಅನಂತರ ಜನ ದಿಕ್ಕುದಿಕ್ಕಿಗೆ ತೊನೆಯುವ ಸುಳಿಯಾಯಿತು. ಅನಾಹುತವು ಮುನ್ಸೂಚನೆ ಕೊಟ್ಟೇ ಬಂದಿತ್ತು. ಆ ಸೂಚನೆಯನ್ನು ಯಂತ್ರಕ್ಕೆ ಕಲಿಸಬಹುದೆಂಬುದು ಇಂದಿನ ತಂತ್ರಜ್ಞರ ನಂಬಿಕೆ, ಮತ್ತು ಅದು ಹುಸಿಯಲ್ಲ.

ನಮ್ಮ ಕಡೆಯ ತೇರುಗಳಲ್ಲಿ ಈ ವಿದ್ಯೆ ಹಿಂದಿನಿಂದಲೂ ಇದೆ. ಮಿಣಿ ಎಳೆಯುವವರು ಎಷ್ಟೇ ಉಮೇದಿನಲ್ಲಿರಲಿ, ದೈವದ ಹಿರಿಯನೊಬ್ಬ ಗಾಲಿಯ ಮುಂದೆ ನಿಂತು ಜನರ ಹೆಜ್ಜೆಯನ್ನೇ ನೋಡುತ್ತಿರುತ್ತಾನೆ. ಸಂದೇಹ ಬಂದರೆ ಹೆಗಲಮೇಲಿನ ವಸ್ತ್ರವನ್ನು ಮೇಲೆತ್ತಿ ಬೀಸುತ್ತಾನೆ. ಬಾಜಾ ನಿಲ್ಲುತ್ತದೆ, ಮಿಣಿ ಸಡಿಲುತ್ತದೆ, ಗಾಲಿಗೆ ಮರದ ತುಂಡು ಬೀಳುತ್ತದೆ. ಅವನ ಕಣ್ಣಿನಷ್ಟೇ ಮುಖ್ಯವಾದುದು ಅವನ ಮಾತಿಗಿರುವ ಅಧಿಕಾರ. ಯಂತ್ರ ಕಣ್ಣನ್ನು ಕೊಡಬಲ್ಲದು. ಪರದೆಯ ಮೇಲೆ ಕೆಂಪು ಗುರುತು ಮೂಡಿದಾಗ ಉತ್ಸವವನ್ನು ನಿಲ್ಲಿಸೆಂದು ಹೇಳುವ ಅಧಿಕಾರಿ ಯಾರು, ಬಾಗಿಲು ತೆರೆಯುವವರು ಯಾರು ಎಂಬುದನ್ನು ಯಂತ್ರದೊಡನೆ ಕೊಂಡು ತರಲಾಗದು.

ಇನ್ನೊಂದು ಮಾತು. ತಲೆಗಳನ್ನು ಎಣಿಸುವುದು ಬೇರೆ, ಮುಖಗಳನ್ನು ಗುರುತಿಸುವುದು ಬೇರೆ. ನೂಕುನುಗ್ಗಲನ್ನು ತಡೆಯಲು ಯಾರ ಹೆಸರೂ ಬೇಕಿಲ್ಲ. ಆದರೂ ಒಂದನ್ನು ಕೊಳ್ಳಹೋದವರಿಗೆ ಎರಡನೆಯದನ್ನೂ ಕೂಡಿಸಿ ಮಾರುವುದು ಇಂದಿನ ರೂಢಿ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ದಿವಂಗತ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ದಾವೆಯಲ್ಲಿ, ಖಾಸಗಿತನವು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ತೀರ್ಪಿತ್ತಿತು. ನಮ್ಮ ನಾಡಿನ ಹಿರಿಯರೊಬ್ಬರು ದೊರಕಿಸಿಕೊಟ್ಟ ಈ ಹಕ್ಕನ್ನು ಭಯದ ಹೊತ್ತಿನಲ್ಲಿ ಬಿಟ್ಟುಕೊಡುವುದು ತರವಲ್ಲ. ಮೇಲಾಗಿ ಯಂತ್ರವು ನಡೆಯನ್ನು ಕಾಣುತ್ತದೆಯೇ ಹೊರತು ಮನಸ್ಸನ್ನಲ್ಲ. ತೇರಿಗೆ ಉತ್ತತ್ತಿ, ಬಾಳೆಹಣ್ಣು ಎಸೆಯಲು ಕೈಯೆತ್ತಿದ ಭಕ್ತನನ್ನು, ನಮ್ಮ ಜಾತ್ರೆಯನ್ನೇ ಕಾಣದ ಯಂತ್ರವು ಕಲ್ಲು ತೂರುವವನೆಂದು ಬಗೆದರೆ ಆಶ್ಚರ್ಯವೇನು?

ಹುಡುಗನಿಗೆ ಇಷ್ಟೆಲ್ಲ ಹೇಳಲಿಲ್ಲ. "ಗೊತ್ತಾಗಬಹುದು ತಮ್ಮಾ. ಆದರ ಬಾಗಲದ ಕೀಲಿ ಯಾರ ಕೈಯಾಗ ಐತಿ ಅಂತ ಮೊದಲ ಕೇಳು" ಎಂದೆವು. ಅವನು ತಡಮಾಡದೆ ತಂದೆಯ ಕಡೆ ತಿರುಗಿ, "ಅಪ್ಪಾ, ನಮ್ಮ ಜಾತ್ರ್ಯಾಗ ಯಾರ ಕೈಯಾಗ ಐತಿ?" ಎಂದ.

ಜಾತ್ರಾ ಕಮಿಟಿಯಲ್ಲಿರುವ ತಂದೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ತೇರಿನ ದಾರಿಯ ಎರಡೂ ಬದಿಗೆ ಬಳೆ, ಮಿಠಾಯಿ ಅಂಗಡಿಗಳು ವರ್ಷದಿಂದ ವರ್ಷಕ್ಕೆ ಒತ್ತಿ ಬರುತ್ತಿರುವುದನ್ನು ತಾವೇ ಎತ್ತಿ ಹೇಳಿದರು. ಮುಂದಿನ ಸಭೆಯಲ್ಲಿ ಆ ಅಂಗಡಿಗಳನ್ನು ಶಾಲೆಯ ಬಯಲಿಗೆ ಸರಿಸುವ ಮಾತು ತೆಗೆಯುವುದಾಗಿ ಹೇಳಿ, ನಮ್ಮನ್ನು ಬಸ್ಸಿನ ತನಕ ಬೀಳ್ಕೊಟ್ಟರು.