ಕೂಲರ್ ಸದ್ದು ನಿಂತರೆ ಎಚ್ಚರವಾಗುವುದೇಕೆ?

ಸುಲೇಪೇಟದ ಬೇಸಿಗೆಯಲ್ಲಿ ರಾತ್ರಿ ಕರೆಂಟ್ ಹೋದರೆ, ಸೆಖೆ ಏರುವ ಮೊದಲೇ ಮನೆಮಂದಿ ಎದ್ದು ಕೂರುತ್ತಾರೆ. ಕೂಲರ್‌ನ ಅಷ್ಟು ಸದ್ದಿನಲ್ಲಿ ಗಾಢವಾಗಿ ಮಲಗಿದ್ದವರಿಗೆ, ಆ ಸದ್ದು ನಿಂತಾಗ ಎಚ್ಚರವಾಗುವುದೇಕೆ?

ನಿದ್ದೆಯಲ್ಲೂ ಕಿವಿ ಕೆಲಸ ನಿಲ್ಲಿಸುವುದಿಲ್ಲ. ಅದು ಕೇಳಿಸಿಕೊಂಡಿದ್ದನ್ನು ಮಿದುಳು ಸೋಸುತ್ತಿರುತ್ತದೆ. ಸದ್ದು ಎಷ್ಟು ದೊಡ್ಡದು ಎನ್ನುವಷ್ಟೇ, ಅದು ಎಷ್ಟು ಬದಲಾಯಿತು ಎನ್ನುವುದೂ ಮಿದುಳಿಗೆ ಮುಖ್ಯ. ಕೂಲರ್, ಫ್ಯಾನ್, ಪತ್ರಾಸ್ ಮೇಲೆ ಸುರಿಯುವ ಮಳೆ ಒಂದೇ ಸಮನೆ ಸಾಗುತ್ತವೆ; ಅವುಗಳಲ್ಲಿ ಹೊಸ ಸುದ್ದಿಯಿಲ್ಲ. ನಾಯಿ ಬೊಗಳಿದರೂ ಆ ಗುಂಯ್ ಸದ್ದಿನಲ್ಲಿ ಅರ್ಧ ಮುಳುಗಿಹೋಗುತ್ತದೆ. ಸದ್ದು ಥಟ್ಟನೆ ನಿಂತರೆ ಅದೇ ಒಂದು ಸುದ್ದಿ.

ಎಲ್ಲರ ಮಿದುಳೂ ಒಂದೇ ರೀತಿ ಸೋಸುವುದಿಲ್ಲ. ನಿದ್ದೆಯಲ್ಲಿ ಮಿದುಳಿನಿಂದ 'ಸ್ಪಿಂಡಲ್' ಎಂಬ ಚಿಕ್ಕ ಅಲೆಗಳು ಏಳುತ್ತವೆ. ಇವು ಹೆಚ್ಚಿದ್ದವರ ನಿದ್ದೆ ಸದ್ದಿಗೆ ಬೇಗ ಕೆಡುವುದಿಲ್ಲ ಎಂದು 2010ರಲ್ಲಿ ಹಾರ್ವರ್ಡ್ ಸಂಶೋಧಕರು ತೋರಿಸಿದರು. ಒಂದೇ ಕೋಣೆಯಲ್ಲಿ ಅಣ್ಣ ಗೊರಕೆ ಹೊಡೆಯುತ್ತಿದ್ದರೆ ತಮ್ಮ ಹೊರಳಾಡುವುದು ಬರೀ ಹಟವಲ್ಲ!

ಹಾಗಾದರೆ ಸದ್ದು ನಿದ್ದೆಗೆ ಔಷಧಿಯೇ? 1990ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 'ವೈಟ್ ನಾಯ್ಸ್' ಕೇಳಿಸಿದ 20 ನವಜಾತ ಶಿಶುಗಳಲ್ಲಿ 16 ಐದೇ ನಿಮಿಷದಲ್ಲಿ ಮಲಗಿದವು. ಕೇಳಿಸದ 20ರಲ್ಲಿ ಮಲಗಿದ್ದು 5 ಮಾತ್ರ. ಆದರೆ 2021ರಲ್ಲಿ 38 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದಾಗ, ನಿರಂತರ ಸದ್ದು ನಿದ್ದೆಯನ್ನು ಉತ್ತಮಪಡಿಸುತ್ತದೆ ಎನ್ನಲು ಗಟ್ಟಿ ಪುರಾವೆ ಸಿಗಲಿಲ್ಲ. ನಮ್ಮ ಲೆಕ್ಕದಲ್ಲಿ ಅದು ಬೇರೆ ಸದ್ದುಗಳನ್ನು ಮುಚ್ಚುವ ಹೊದಿಕೆ, ಅಷ್ಟೆ.

ನಮ್ಮ ಕಡೆ ಇನ್ನೊಂದು ಮಾತಿದೆ: 'ರೂಢಿಯಾದರೆ ಯಾವ ಸದ್ದೂ ಏನೂ ಮಾಡಲ್ಲ.' ವಾಡಿ ಜಂಕ್ಷನ್ ಪಕ್ಕದಲ್ಲಿ ಇರುವವರು, ಶಹಾಬಾದಿನಲ್ಲಿ ಫರ್ಸಿ ಕಲ್ಲು ಕೊಯ್ಯುವ ಮಷೀನಿನ ಹತ್ತಿರ ಇರುವವರು ಹೀಗೇ ಹೇಳುತ್ತಾರೆ. ಇದು ಅರ್ಧ ಮಾತ್ರ ನಿಜ. ರೂಢಿಯಾದ ಮೇಲೆ ಎಚ್ಚರವಾಗುವುದು ಕಡಿಮೆಯಾಗುತ್ತದೆ. ಆದರೆ ರೈಲು ಹಾದುಹೋದಾಗ, ನಮಗೆ ಗೊತ್ತೇ ಆಗದಂತೆ, ಎದೆಬಡಿತ ಏರುವುದು ಪೂರ್ತಿ ನಿಲ್ಲುವುದಿಲ್ಲ. ಬೆಳಿಗ್ಗೆ 'ಚೆನ್ನಾಗಿ ಮಲಗಿದೆ' ಅನ್ನಿಸಿದರೂ ಹೃದಯ ರಾತ್ರಿಯಿಡೀ ಸದ್ದಿಗೆ ಉತ್ತರ ಕೊಡುತ್ತಲೇ ಇರಬಹುದು. ವರ್ಷಗಟ್ಟಲೆ ಇಂಥ ಗದ್ದಲದಲ್ಲಿ ಇರುವವರಲ್ಲಿ ಹೃದ್ರೋಗದ ಅಪಾಯ ಹೆಚ್ಚು ಎಂದು ಹಲವು ಅಧ್ಯಯನಗಳು ಹೇಳಿವೆ. ನಮ್ಮ ದೇಶದ 2000ದ ನಿಯಮದಂತೆ ವಸತಿ ಪ್ರದೇಶದಲ್ಲಿ ರಾತ್ರಿ ಸದ್ದಿನ ಮಿತಿ 45 ಡೆಸಿಬೆಲ್.

ಸೇಡಂ, ವಾಡಿಯ ಸಿಮೆಂಟ್ ಕಾರ್ಖಾನೆಗಳಲ್ಲಿ ನೈಟ್ ಶಿಫ್ಟ್ ಮುಗಿಸಿ ಬಂದು ಹಗಲು ಮಲಗುವವರಿಗೆ ಕಷ್ಟ ಇನ್ನೂ ಜಾಸ್ತಿ. ಓಣಿಯ ಹಾರ್ನ್, ಕುಕ್ಕರ್ ಸೀಟಿ ಎಲ್ಲ ಆಗಲೇ ಬರುವುದು. ಅವರಿಗೆ ಫ್ಯಾನ್ ಸದ್ದಿನ ಹೊದಿಕೆ ನಿಜಕ್ಕೂ ಸಹಾಯ ಮಾಡಬಹುದು. ಕಿಟಕಿ ಮುಚ್ಚಿ, ಕಿವಿಗೆ ಇಯರ್‌ಪ್ಲಗ್ ಹಾಕಿಕೊಳ್ಳುವುದು ಅದಕ್ಕಿಂತ ಒಳ್ಳೆಯದು.

ಮಗುವಿನ ದಿಂಬಿನ ಪಕ್ಕ ಮೊಬೈಲ್ ಇಟ್ಟು ಮಳೆ ಸದ್ದು ಹಚ್ಚುವುದು ಮಾತ್ರ ಬೇಡ. 2014ರಲ್ಲಿ ಮಕ್ಕಳಿಗೆಂದೇ ಮಾರುವ 14 ಸದ್ದಿನ ಯಂತ್ರಗಳನ್ನು ಪೂರ್ತಿ ವಾಲ್ಯೂಮಿನಲ್ಲಿ ಅಳೆದಾಗ, ಒಂದಡಿ ದೂರದಲ್ಲಿ ಮೂರು ಯಂತ್ರಗಳ ಸದ್ದು 85 ಡೆಸಿಬೆಲ್ ದಾಟಿತ್ತು. ಹಚ್ಚಲೇಬೇಕೆಂದರೆ ಕೋಣೆಯ ಆ ತುದಿಯಲ್ಲಿ, ಸಣ್ಣ ದನಿಯಲ್ಲಿ ಇಡಿ, ಮಗು ಮಲಗಿದ ಮೇಲೆ ಮೆಲ್ಲನೆ ತಗ್ಗಿಸಿ.